ಗೇನ್ಯಾಳ ಹಿಂಗಾಡಿ

ನಮ್ಮ ತೋಟಗಳ ಸಾಲಿನಲ್ಲಿ ಎಲ್ಲರಿಗೂ ಹಲಗೆಯ ಗುಡಿಸಲಿತ್ತು. ಗೇನ್ಯಾಳಿಗೆ ಮಾತ್ರ ಟ್ರಾಮ್ ಇತ್ತು.

ವೂಚ್ ನಗರದ ಗಿರಣಿ ಮತ್ತು ರೈಲ್ವೆ ಕೆಲಸಗಾರರಿಗೆಂದು ಯುದ್ಧ ಮುಗಿದ ಮೇಲೆ ರೈಲು ಹಳಿಯ ಪಕ್ಕ ಹಂಚಿದ ತುಂಡು ತೋಟಗಳಿವು. ಒಬ್ಬೊಬ್ಬರಿಗೆ ನಾಲ್ಕು ಸೇಬಿನ ಮರ, ಒಂದಿಷ್ಟು ಆಲೂಗಡ್ಡೆ, ಟೊಮ್ಯಾಟೊ ಹಿಡಿಸುವಷ್ಟು ಜಾಗ. ನನ್ನದು ಗೇನ್ಯಾಳ ಪಕ್ಕದ್ದು. ನಾನು ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿದ್ದವನು, ಅವಳು ಕಾಲುಚೀಲದ ಕಾರ್ಖಾನೆಯಲ್ಲಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಒಂದು ಶಾಲೆಯ ಅಡುಗೆಮನೆಯಲ್ಲಿ ನಿವೃತ್ತಿಯವರೆಗೆ ದುಡಿದಳು. ನಡುವಿನ ತಂತಿ ಬೇಲಿಯ ಮೇಲೆ ಮೊಣಕೈಯಿಟ್ಟುಕೊಂಡು ನಾವಿಬ್ಬರೂ ಆಡದ ಮಾತಿಲ್ಲ. ಹಾಗಾಗಿ ಈಗ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಆ ಬೇಲಿಯ ಮೇಲೆ ಕೇಳಿದ್ದು.

ಆ ಟ್ರಾಮ್ ಅವಳ ಅಪ್ಪ ತಂದದ್ದು. ರೈಲ್ವೆ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದ ಆತ, ಊರಿನಲ್ಲಿ ಯಾರಿಗೂ ಮನೆ ಸಿಗದ ಆ ಕಾಲದಲ್ಲಿ, ಹೆಂಡತಿ ಮತ್ತು ಕೈಗೂಸನ್ನು ಕಟ್ಟಿಕೊಂಡು ಅಕ್ಕನ ಅಡುಗೆಮನೆಯ ಮೂಲೆಯಲ್ಲಿ ಮಲಗುತ್ತಿದ್ದ. ಹಳೆಯ ಮರದ ಟ್ರಾಮ್‌ಗಳ ಚಕ್ರ ಕಳಚಿ, ಬರಿಯ ಒಡಲನ್ನು ಬೇಕಾದವರಿಗೆ ಕೊಡುತ್ತಿದ್ದಾರೆ ಎಂದು ಕೇಳಿದವನೇ ಗೆಳೆಯರನ್ನು ಕೂಡಿಸಿ, ಎರಡು ಕುದುರೆಗಾಡಿ ಜೋಡಿಸಿ, ಹೇರಿಸಿಕೊಂಡು ಬಂದ. ಅದೊಂದು ಹಿಂಗಾಡಿ. ಅಂದರೆ ತನಗೆ ಮೋಟಾರಿಲ್ಲದೆ, ಮೋಟಾರಿರುವ ಮುಂಗಾಡಿಯ ಬೆನ್ನಿಗೆ ಕೊಂಡಿ ಹಾಕಿಸಿಕೊಂಡು ಎಳೆಸಿಕೊಳ್ಳುವಂಥದ್ದು.

ಗೇನ್ಯಾ ನಡೆಯಲು ಕಲಿತದ್ದು ಅದರ ಎರಡು ಬೆಂಚುಗಳ ನಡುವೆ. ಕಂಡಕ್ಟರ್ ನಿಲ್ಲುತ್ತಿದ್ದ ಜಾಗದಲ್ಲಿ ಅವಳಮ್ಮ ಕಬ್ಬಿಣದ ಒಲೆ ಇಟ್ಟಿದ್ದಳು. ತಮ್ಮ ಹುಟ್ಟಿದ್ದು ಅಲ್ಲೇ, ಜನವರಿಯಲ್ಲಿ, ಕಿಟಕಿಯ ಒಳಮೈಗೂ ಹಿಮ ಕಟ್ಟಿದ್ದ ದಿನ. ಒಳಗೋಡೆಗೆ ಹೊಡೆದಿದ್ದ ತಗಡಿನ ಫಲಕದಲ್ಲಿ "ಉಗುಳಬಾರದು" ಎಂದಿತ್ತು. ಗೇನ್ಯಾ ಜೀವನದಲ್ಲಿ ತಾನಾಗಿ ಓದಿದ ಮೊದಲ ಮಾತು ಅದು. "ನಮ್ಮ ಟೀಚರ್ರು, ಏನು ಓದಕ್ಕೆ ಬರುತ್ತೆ ಹೇಳು ಅಂದ್ರು. ನಾನು ಎದ್ದು ನಿಂತು ಉಗುಳಬಾರದು ಅಂದೆ. ತಮ್ಮನ್ನೇ ಬೈದೆ ಅಂದ್ಕೊಂಡು ಮೂಲೇಲಿ ನಿಲ್ಲಿಸಿದ್ರು," ಎಂದು ನಗುತ್ತಿದ್ದಳು.

ಆಮೇಲೆ ಅವರಿಗೆ ಸರ್ಕಾರಿ ಫ್ಲ್ಯಾಟ್ ಸಿಕ್ಕಿತು, ಟ್ರಾಮ್ ಬೇಸಿಗೆಯ ಮನೆಯಾಯಿತು. ಅಪ್ಪ ಅಮ್ಮ ತೀರಿಕೊಂಡರು. ತಮ್ಮನೂ ಹೋದ. ಗೇನ್ಯಾ ಮತ್ತು ಅವಳ ಗಂಡ ಲೆಯೋನ್‌ಗೆ ಮಕ್ಕಳಾಗಲಿಲ್ಲ. ಏಪ್ರಿಲ್ ಬಂದರೆ ಸಾಕು, ಇಬ್ಬರೂ ಟ್ರಾಮಿಗೆ ಬಂದು ಬೀಡುಬಿಡುತ್ತಿದ್ದರು. ಲೆಯೋನ್ ಸತ್ತ ಮೇಲೆ ಅವಳೊಬ್ಬಳೇ ಬರತೊಡಗಿದಳು.

ಸೆವೆರಿನ್ ಬಂದದ್ದು ಆಗ.

ಅವನು ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಎತ್ತರದ ಆಳು, ಮೆಲುದನಿ. ತೋಟದ ದಾರಿಯಲ್ಲಿ ಹೋಗುತ್ತಿದ್ದವನು ರಾಸ್ಪ್‌ಬೆರಿ ಪೊದೆಗಳ ಮೇಲಿಂದ ಕಂಡ ಬಾಗಿದ ಸೂರನ್ನು ನೋಡಿ ನಿಂತುಬಿಟ್ಟ. ಟೋಪಿ ತೆಗೆದ. ಚರ್ಚಿನ ಮುಂದೆ ತೆಗೆಯುವ ಹಾಗೆ.

"ಅಮ್ಮಾವ್ರೇ, ಇದು ಏನು ಅಂತ ನಿಮಗೆ ಗೊತ್ತಿದೆಯಾ?" ಎಂದ ಗೇಟಿನಿಂದಲೇ.

"ಗೊತ್ತಿಲ್ದೆ ಏನು? ನನ್ನ ಮನೆ. ಒಳಗಡೆ ಗುದ್ದಲಿ ಇದೆ, ಉಪ್ಪು ನೀರಲ್ಲಿ ಹಾಕಿದ ಸೌತೆಕಾಯಿ ಜಾಡಿ ಇದೆ. ಬೇರೆ ಏನಾದ್ರೂ ನೋಡ್ಬೇಕಿತ್ತಾ?"

"ಈ ತರಹದ ಹಿಂಗಾಡಿ ಊರಲ್ಲಿ ಇನ್ನೊಂದು ಉಳಿದಿಲ್ಲ."

"ಹಾಗಾದ್ರೆ ಇದನ್ನಾದ್ರೂ ಬಿಟ್ಬಿಡಿ."

ಅವನು ಬಿಡಲಿಲ್ಲ. ಮುಂದಿನ ವಾರ ಬಂದ, ಅದರ ಮುಂದಿನ ವಾರವೂ ಬಂದ. ಸೂರಿನಂಚಿನಲ್ಲಿ ಸೋರುತ್ತಿದ್ದ ಮಳೆನೀರಿನ ದೋಣಿಯನ್ನು ಕೇಳದೆಯೇ ಸರಿಮಾಡಿಕೊಟ್ಟ. ಸೇಬು ಕೀಳಲು ಏಣಿ ಹಿಡಿದ. ಹಳೆಯ ಟ್ರಾಮ್‌ಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಮತ್ತೆ ಹಳಿಯ ಮೇಲೆ ಓಡಿಸುವ ಒಂದು ಬಳಗ ಕಟ್ಟಿಕೊಂಡಿದ್ದೇವೆ ಎಂದು ಹೇಳಿದ. ಯಾರಿಗೂ ಸಂಬಳವಿಲ್ಲ, ಶನಿವಾರ ಶನಿವಾರ ಸೇರುತ್ತಾರೆ, ಊರಾಚೆ ಒಂದು ಹಳೆಯ ಶೆಡ್ ಇದೆ. ಇಷ್ಟೆಲ್ಲ ಆದ ಮೇಲೆ, ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಟ್ರಾಮಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾ ಕೇಳಿದ.

"ಇಲ್ಲಿದ್ರೆ ಇನ್ನು ಕೆಲವೇ ಚಳಿಗಾಲ ಅಮ್ಮಾವ್ರೇ. ಕೆಳಗಿನ ಮರ ಎಲ್ಲ ನೀರು ಕುಡಿದಿದೆ. ನಮಗೆ ಕೊಡಿ. ಇದನ್ನ ನಾವು ಊರೊಳಗೆ ಓಡಿಸ್ತೀವಿ. ಮೊದಲ ದಿನ ಗಂಟೆ ಹೊಡೆಯೋರು ನೀವು."

ನಾನು ಬೇಲಿಯ ಈಚೆ ಈರುಳ್ಳಿ ಕೀಳುತ್ತಿದ್ದೆ. ಗೇನ್ಯಾ ಚಹಾದ ಲೋಟವನ್ನು ಮೆಟ್ಟಿಲ ಮೇಲಿಟ್ಟಳು.

"ಒಂದೇ ಒಂದು ಮಾತು, ಇಂಜಿನಿಯರ್ ಸಾಹೇಬ್ರೇ," ಎಂದಳು. "ಓಡೋದು ಇದೇ ಆಗಿರಬೇಕು. ಇದರ ಹೆಸರಲ್ಲಿ ಇನ್ನೊಂದಲ್ಲ."

"ಇದೇ. ಮಾತು ಕೊಟ್ಟೆ," ಎಂದು ಅವನು ಎದೆಯ ಮೇಲೆ ಕೈಯಿಟ್ಟ.

ಕ್ರೇನ್ ಬಂದ ದಿನ ಸಾಲಿನವರೆಲ್ಲ ಕೆಲಸ ಬಿಟ್ಟು ನೆರೆದಿದ್ದೆವು. ಟ್ರಾಮ್ ನೆಲ ಬಿಟ್ಟು ಎದ್ದಾಗ ಕೆಳಗೆ ಬಿಳಿಚಿಕೊಂಡ ಬೇರುಗಳು, ಗಾಬರಿಬಿದ್ದ ಇರುವೆಗಳು, ಉದ್ದನೆಯ ಒಂದು ಒದ್ದೆ ಚೌಕ. "ಏ ಗೇನ್ಯಾ, ಟಿಕೆಟ್ ತಗೊಂಡ್ಯಾ? ಚೆಕಿಂಗ್‌ನೋರು ಬರ್ತಾರೆ ನೋಡು!" ಎಂದು ಯಾರೋ ಕೂಗಿದರು. ಅವಳು ಲಾರಿಯ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಮದುವೆ ದಿಬ್ಬಣದಲ್ಲಿ ಕೂತವಳ ಹಾಗೆ ಕೂತಿದ್ದಳು. ನನ್ನ ಕಡೆ ಕೈ ಬೀಸಿದಳು.

ಅವಳು ಮುಂದಿನ ಶನಿವಾರವೇ ಶೆಡ್ಡಿಗೆ ಹೋದಳು. ನೋಡಿಕೊಂಡು ಬರಲು ಹೋದವಳು ಏಪ್ರನ್ ಕಟ್ಟಿಕೊಂಡು ಬಂದಳು. ಅಂದಿನಿಂದ ಐದಾರು ವರ್ಷ, ಹಬ್ಬ ಬಿಟ್ಟರೆ, ಅವಳು ತಪ್ಪಿಸಿದ ಶನಿವಾರ ನನಗೆ ನೆನಪಿಲ್ಲ.

ಬಳಗದಲ್ಲಿ ಹತ್ತು ಹನ್ನೆರಡು ಜನ. ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ನಿವೃತ್ತ ಟ್ರಾಮ್ ಚಾಲಕರು, ಮರಗೆಲಸದ ಹುಬರ್ಟ್, ಮಿಕ್ಕವರು ಅಂಥವರೇ. ಅವರ ನಡುವೆ ಒಬ್ಬಳೇ ಹೆಂಗಸು, ಬೋಗ್ನಾ. ಅಂಚೆ ಕಚೇರಿಯ ಕೌಂಟರಿನಲ್ಲಿ ಜೀವಮಾನ ಕಳೆದವಳು, ಮದುವೆಯಾಗದವಳು, ನಾಲಿಗೆ ಬಲು ಹರಿತ. ಗೇನ್ಯಾ ಮೊದಲ ದಿನ ಕೋಸು ತುಂಬಿದ ಪಿಯೆರೋಗಿ ಕಡುಬುಗಳ ಪಾತ್ರೆ ತೆರೆದಾಗ ಬೋಗ್ನಾ ಒಂದನ್ನು ಬಾಯಿಗಿಟ್ಟುಕೊಂಡು ಹೇಳಿದಳಂತೆ: "ಇವಳನ್ನ ಇಲ್ಲೇ ಇಟ್ಕೊಳ್ಳಿ. ಟ್ರಾಮ್ ಬೇಕಾದ್ರೆ ವಾಪಸ್ ಕಳಿಸಿ."

ಇಬ್ಬರಿಗೂ ಒಂದೇ ಕೆಲಸ, ಬಣ್ಣ ಕೆರೆಯುವುದು. ಮೇಲೆ ಗೇನ್ಯಾಳ ಅಪ್ಪ ಬಳಿದ ಹಸಿರು, ಅದರ ಕೆಳಗೆ ಕಂದು, ಅದರ ಕೆಳಗೆ ಇನ್ಯಾವುದೋ ಬೂದು. ಎಲ್ಲಕ್ಕಿಂತ ಕೆಳಗೆ ದ್ರಾಕ್ಷಾರಸದಂಥ ಕೆಂಪು. ಆ ಕೆಂಪು ಮೊದಲ ಸಲ ಕಂಡ ದಿನ ಅವಳು ನನಗೆ ಫೋನ್ ಮಾಡಿದ್ದಳು. "ವೀತೆಕ್, ನಮ್ಮ ಗಾಡಿ ಕೆಂಪು ಕಣೋ! ಇಷ್ಟು ವರ್ಷ ಅದರೊಳಗೆ ಮಲಗಿ ಎದ್ದು ನನಗೆ ಗೊತ್ತೇ ಇರ್ಲಿಲ್ಲ."

ಕಿಟಕಿಯ ಚೌಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಕೆರೆದು, ಉಜ್ಜಿ, ವಾರ್ನಿಷ್ ಹಚ್ಚಿ ಇಡುತ್ತಿದ್ದರು. ಬೆಂಚಿನ ಪಟ್ಟಿಗಳನ್ನು ಹಾಗೆಯೇ. ಜಾರುಬಾಗಿಲುಗಳನ್ನು, ಹಿತ್ತಾಳೆಯ ಹಿಡಿಗಳನ್ನು, "ಉಗುಳಬಾರದು" ಫಲಕವನ್ನು ಕೂಡ. ಚಳಿಗಾಲದಲ್ಲಿ ಶೆಡ್ಡಿನ ಕಬ್ಬಿಣದ ಒಲೆಯ ಪಕ್ಕ ಕೂತು ಕೈ ಕಾಯಿಸಿಕೊಳ್ಳುತ್ತಾ, ಫ್ಲಾಸ್ಕಿನ ಚಹಾ ಕುಡಿಯುತ್ತಾ ಇಬ್ಬರೂ ಲೋಕವನ್ನೆಲ್ಲ ಆಡಿಕೊಳ್ಳುತ್ತಿದ್ದರು. ಬೋಗ್ನಾಳ ಮೊಣಕಾಲಿನ ಆಪರೇಷನ್ ಆದಾಗ ಗೇನ್ಯಾ ಅವಳ ಫ್ಲ್ಯಾಟಿನಲ್ಲಿ ಎರಡು ವಾರ ಉಳಿದು ನೋಡಿಕೊಂಡಳು. ಕ್ರಿಸ್‌ಮಸ್ ಮುನ್ನಾದಿನದ ಊಟಕ್ಕೆ ಇವಳ ಮನೆಯಲ್ಲಿ ಅವಳು, ಇಲ್ಲವೇ ಅವಳ ಮನೆಯಲ್ಲಿ ಇವಳು. "ಅರವತ್ತು ದಾಟಿದ ಮೇಲೆ ಗೆಳತಿ ಸಿಗ್ತಾಳೆ ಅಂತ ಯಾರಿಗೆ ಗೊತ್ತಿತ್ತು," ಎಂದು ಗೇನ್ಯಾ ನನ್ನ ಬಳಿ ಹೇಳಿದ್ದಿದೆ.

ಅದೇ ಶೆಡ್ಡಿನಲ್ಲಿ, ಟಾರ್ಪಾಲಿನ್ ಹೊದ್ದು, ಇನ್ನೊಂದು ಟ್ರಾಮ್ ನಿಂತಿತ್ತು. ಊರಿನ ಮೊಟ್ಟಮೊದಲ ಕಾಲದ ಒಂದು ಮುಂಗಾಡಿ. ಇಟ್ಟಿಗೆ ಭಟ್ಟಿಯೊಂದರ ಹಿಂದೆ ಕೋಳಿಗೂಡಾಗಿ ಬಿದ್ದಿದ್ದನ್ನು ಸೆವೆರಿನ್ ಹುಡುಕಿ ತಂದಿದ್ದ. ಒಡಲನ್ನು ಹೊರುವ ಕಬ್ಬಿಣದ ಅಡಿಗಟ್ಟು ಗಟ್ಟಿಯಾಗಿತ್ತು, ಆದರೆ ಬೆಂಕಿ ಬಿದ್ದು ಕಿಟಕಿ, ಬಾಗಿಲು, ಬೆಂಚು ಯಾವುದೂ ಉಳಿದಿರಲಿಲ್ಲ. "ಇದರ ಸರದಿ ಯಾವಾಗ?" ಎಂದು ಗೇನ್ಯಾ ಒಮ್ಮೆ ಕೇಳಿದ್ದಳು. "ನಿಮ್ಮದು ಮುಗಿದ ಮೇಲೆ," ಎಂದಿದ್ದ ಸೆವೆರಿನ್. ಅವಳು ಅದರ ಸುತ್ತಲೂ ಕಸ ಗುಡಿಸುತ್ತಿದ್ದಳು, ಪಾಪದ್ದು, ಅನ್ನುತ್ತಿದ್ದಳು.

ಕೊನೆಕೊನೆಗೆ ಅವಳ ಗಾಡಿಯ ಒಡಲನ್ನು ಹಿಂದಿನ ಶೆಡ್ಡಿಗೆ ತಳ್ಳಿದರು. ಅಲ್ಲಿ ಚೌಕಟ್ಟಿನ ಕೆಲಸ ನಡೆಯುತ್ತಿದೆ, ನೆಲವೆಲ್ಲ ಗುಂಡಿ, ಬಿದ್ದೀರಿ, ಎಂದು ಬೀಗ ಹಾಕಿದರು. ಅವಳ ಮುಂದೆ ಉಳಿದದ್ದು ಬಿಡಿಭಾಗಗಳು ಮಾತ್ರ. ಮುಗಿದ ಕಿಟಕಿಗಳು ಗೋಡೆಯ ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತಿದ್ದವು.

"ಯಾವಾಗ ಜೋಡಿಸ್ತೀರಿ ಸಾಹೇಬ್ರೇ?"

"ಮೊದ್ಲು ಎಲುಬು, ಆಮೇಲೆ ಒಡವೆ. ಸ್ವಲ್ಪ ತಾಳ್ಮೆ ಇರಲಿ ಅಮ್ಮಾವ್ರೇ."

ತಾಳ್ಮೆ ಅವಳಿಗೆ ಬೇಕಾದಷ್ಟಿತ್ತು.

ಜೂನ್ ತಿಂಗಳಲ್ಲಿ ಬೋಗ್ನಾಳ ಹೆಸರಿನ ದಿನ ಬರುತ್ತದೆ. ನಮ್ಮಲ್ಲಿ ದೊಡ್ಡವರು ಹುಟ್ಟಿದ ದಿನಕ್ಕಿಂತ ಕ್ಯಾಲೆಂಡರಿನಲ್ಲಿ ತಮ್ಮ ಹೆಸರಿಗೆಂದು ಗೊತ್ತಾದ ದಿನವನ್ನೇ ಆಚರಿಸುವುದು. ಆ ವರ್ಷ ಅದು ವಾರದ ನಡುವೆ ಬಿತ್ತು. ಗೇನ್ಯಾ ತೋಟದ ಸ್ಟ್ರಾಬೆರಿ ಬಿಡಿಸಿ ಕೇಕ್ ಮಾಡಿದಳು. ಬೋಗ್ನಾಳ ಮನೆಗೆ ಹೋದರೆ ಬೀಗ. ಪಕ್ಕದ ಮನೆಯವಳು ಹೇಳಿದಳು: "ಶೆಡ್ಡಿಗೆ ಹೋದ್ರಲ್ಲ. ಈಗೀಗ ದಿನಾ ಹೋಗ್ತಾರೆ." ಗೇನ್ಯಾಳಿಗೆ ಸೋಜಿಗವಾಯಿತು, ಆದರೆ ಅನುಮಾನ ಬರಲಿಲ್ಲ. ಕೇಕಿನ ಡಬ್ಬಿ ಹಿಡಿದು ಟ್ರಾಮ್ ಹತ್ತಿ ಶೆಡ್ಡಿಗೆ ಹೋದಳು.

ದೊಡ್ಡ ಬಾಗಿಲು ತೆರೆದಿತ್ತು. ಟಾರ್ಪಾಲಿನ್ ನೆಲದ ಮೇಲೆ ಬಿದ್ದಿತ್ತು. ಆ ಮುಂಗಾಡಿ ಕೆಂಪಗೆ ಹೊಳೆಯುತ್ತಾ ನಿಂತಿತ್ತು. ಅದರ ಪಕ್ಕೆಯಲ್ಲಿ ಅವಳು ಕೆರೆದ, ಅವಳು ಉಜ್ಜಿದ, ಅವಳು ವಾರ್ನಿಷ್ ಹಚ್ಚಿದ ಕಿಟಕಿಗಳು. ಹುಬರ್ಟ್ ಕೊನೆಯ ಬಾಗಿಲನ್ನು ಅದರ ಜಾರುಪಟ್ಟಿಗೆ ಕೂರಿಸುತ್ತಿದ್ದ. ಸೆವೆರಿನ್ ಕೆಳಗಿನಿಂದ ನಿರ್ದೇಶನ ಕೊಡುತ್ತಿದ್ದ. ಬಾಗಿಲಿನ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದವಳು ಬೋಗ್ನಾ.

ಮೊದಲು ಕಂಡವಳೂ ಅವಳೇ. ಬಾಗಿಲು ಬಿಡುವಂತಿರಲಿಲ್ಲ, ಬಿಟ್ಟರೆ ಹುಬರ್ಟನ ಮೇಲೆ ಬೀಳುತ್ತಿತ್ತು. ಹಾಗೆಯೇ ಹಿಡಿದುಕೊಂಡು, "ಗೇನ್ಯಾ," ಎಂದಳಂತೆ, ಅಷ್ಟೇ.

"ಅದು ನನ್ನ ಬಾಗಿಲು," ಎಂದಳು ಗೇನ್ಯಾ.

ಸೆವೆರಿನ್ ತಿರುಗಿದ. ಒಂದು ಕ್ಷಣ ಮುಖ ಬಿಳಿಚಿತು, ಆಮೇಲೆ ಎಂದಿನ ಮೆಲುದನಿ ಬಂತು. "ಅಮ್ಮಾವ್ರೇ, ಕೂತ್ಕೊಳ್ಳಿ. ನಾನೇ ಬಂದು ಹೇಳ್ಬೇಕು ಅಂತಿದ್ದೆ."

"ನಿಂತೇ ಕೇಳ್ತೀನಿ."

"ನಿಮ್ಮ ಗಾಡಿಯ ಮರದ ಅಡಿಗಟ್ಟು ಪೂರ್ತಿ ಕೊಳೆತು ಹೋಗಿತ್ತು. ಉಳಿಸೋಕೆ ಆಗ್ತಿರ್ಲಿಲ್ಲ. ಇದಕ್ಕೆ ಎಲುಬಿತ್ತು, ಮೈ ಇರ್ಲಿಲ್ಲ. ಎರಡೂ ಒಂದೇ ಕಾರ್ಖಾನೆಯವು, ಒಂದೇ ಅಳತೆ. ಒಂದರಿಂದ ಇನ್ನೊಂದು ಬದುಕಿತು. ಈ ಕೆಲಸದಲ್ಲಿ ಎಲ್ಲ ಕಡೆ ಹೀಗೇ ಮಾಡೋದು."

"ಯಾವಾಗ ಗೊತ್ತಾಯ್ತು, ಉಳಿಸೋಕೆ ಆಗಲ್ಲ ಅಂತ?"

ಏಣಿಯ ಮೇಲಿಂದ ಹುಬರ್ಟ್ ಹೇಳಿಬಿಟ್ಟ. ಒರಟು ಮನುಷ್ಯ, ಆದರೆ ಸುಳ್ಳಿಗೆ ಅವನಿಗೆ ವ್ಯವಧಾನವಿಲ್ಲ. "ಮೊದಲಿಂದ್ಲೂ ಗೊತ್ತಿತ್ತು ತಾಯಿ. ಕ್ರೇನ್ ಬರೋದಕ್ಕೂ ಮುಂಚೆ. ಸೂರಿನ ದೋಣಿ ರಿಪೇರಿ ಮಾಡೋಕೆ ಬಂದಾಗ್ಲೇ ಇವ್ರು ಕಿಟಕಿ ಅಳತೆ ತಗೊಂಡು ಬಂದಿದ್ರು."

"ಹೇಳಿದ್ರೆ ನೀವು ಕೊಡ್ತಿರ್ಲಿಲ್ಲ," ಎಂದ ಸೆವೆರಿನ್.

"ಉಳಿದಿದ್ದೆಲ್ಲಿ? ಗೋಡೆ? ಸೂರು?"

ಬೋಗ್ನಾಳ ಕಣ್ಣು ತಾನಾಗಿಯೇ ಮೂಲೆಯ ಒಲೆಯ ಕಡೆ ಹೋಯಿತು. ಗೇನ್ಯಾ ಅದನ್ನು ಕಂಡಳು. ಹಿಂದಿನ ಚಳಿಗಾಲವಿಡೀ ಆ ಒಲೆಗೆ ಬಿದ್ದ, ಒಂದೇ ಅಗಲಕ್ಕೆ ಕೊಯ್ದ ಒಣ ಹಲಗೆ ತುಂಡುಗಳು ನೆನಪಾದವು. ಅದರ ಮುಂದೆ ಕೂತು ಅವಳೇ ಕೈ ಕಾಯಿಸಿಕೊಂಡಿದ್ದಳು. "ಈ ಸಲ ಸೌದೆ ಚೆನ್ನಾಗಿದೆ," ಎಂದೂ ಅಂದಿದ್ದಳು.

ಆಗ ಅವಳು ಬೋಗ್ನಾಳನ್ನು ಕೇಳಿದಳು. "ನಿನಗೆ ಗೊತ್ತಿತ್ತಾ?"

ಹುಬರ್ಟ್ ಬಾಗಿಲನ್ನು ಕೂರಿಸಿಯಾಗಿತ್ತು. ಆದರೂ ಬೋಗ್ನಾ ಕೈ ತೆಗೆದಿರಲಿಲ್ಲ. "ಗೊತ್ತಿತ್ತು ಕಣೇ."

"ಯಾವಾಗಿಂದ?"

"ನೀನು ಬಂದ ಮೊದಲ ಚಳಿಗಾಲದಿಂದ."

"ನಿನ್ನ ಕಾಲು ಒತ್ತುವಾಗ ಗೊತ್ತಿತ್ತು. ನಮ್ಮ ಮನೇಲಿ ಹಬ್ಬದ ಊಟ ಮಾಡುವಾಗ ಗೊತ್ತಿತ್ತು."

"ಹೇಳಿದ್ರೆ ನೀನು ಬರೋದು ಬಿಟ್ಬಿಡ್ತಿದ್ದೆ," ಎಂದಳು ಬೋಗ್ನಾ. "ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಹೋಯ್ತು. ಆಮೇಲೆ ಹೇಳೋ ಹಾಗೇ ಇರ್ಲಿಲ್ಲ. ಗೇನ್ಯಾ, ನನಗೆ ಟ್ರಾಮ್ ಬೇಕಿರ್ಲಿಲ್ಲ. ನಿಜ ಹೇಳ್ತೀನಿ."

ಗೇನ್ಯಾ ಕೇಕಿನ ಡಬ್ಬಿಯನ್ನು ಕೆಲಸದ ಮೇಜಿನ ಮೇಲಿಟ್ಟಳು. ಬೋಗ್ನಾಳಿಗೆಂದು ಮಾಡಿದ್ದನ್ನು ವಾಪಸ್ ಒಯ್ಯುವುದು ಅವಳಿಗೆ ತೋಚಲಿಲ್ಲ. ಬಂದ ದಾರಿಯಲ್ಲೇ ಹೊರಟಳು.

ಅವತ್ತು ಸಂಜೆ ತೋಟಕ್ಕೆ ಬಂದು ಬೇಲಿಯ ಹತ್ತಿರ ನಿಂತು ಇದನ್ನೆಲ್ಲ ಹೇಳಿದಳು. ಅಳಲಿಲ್ಲ. ಹೇಳಿ ಮುಗಿಸಿ, "ಸೌದೆ ಚೆನ್ನಾಗಿದೆ ಅಂದೆ ವೀತೆಕ್. ಅವಳು ಪಕ್ಕದಲ್ಲೇ ಕೂತಿದ್ಳು. ಹೂಂ ಅಂದ್ಳು," ಎಂದಳು. ನಾನು ನನ್ನ ಗುಡಿಸಲಿನ ಒಳಗಿನಿಂದ ಕುರ್ಚಿ ತಂದು ಬೇಲಿಯ ಮೇಲಿಂದ ದಾಟಿಸಿದೆ. ಅವಳ ತೋಟದಲ್ಲಿ ಟ್ರಾಮ್ ಹೋದಾಗಿನಿಂದ ಕೂರುವುದಕ್ಕೊಂದು ನೆರಳಿರಲಿಲ್ಲ. ಹೊಸ ಗುಡಿಸಲು ಈಗ ಬೇಡ, ಮೊದಲು ಗಾಡಿ ಓಡಲಿ, ಎಂದು ಅವಳೇ ಮುಂದೂಡುತ್ತಾ ಬಂದಿದ್ದಳು.

ಕೆಲವು ವಾರಗಳ ಮೇಲೆ ಸೆವೆರಿನ್ ಹೂಗುಚ್ಛ ಹಿಡಿದು ಬಂದ. ಅವಳು ಗೇಟ್ ತೆಗೆಯಲಿಲ್ಲ. ಅವನು ಹೊರಗೆ ನಿಂತೇ ಮಾತಾಡಿದ.

"ನಿಮ್ಮ ಗಾಡಿ ಸತ್ತಿಲ್ಲ ಅಮ್ಮಾವ್ರೇ. ಇದರಲ್ಲಿ ಬದುಕಿದೆ. ಸೆಪ್ಟೆಂಬರಲ್ಲಿ ಉದ್ಘಾಟನೆ. ಗಂಟೆ ನೀವೇ ಹೊಡೀಬೇಕು, ನಾನು ಕೊಟ್ಟ ಮಾತು."

ಆ ಕೊನೆಯ ಮಾತಿಗೆ ನಾನು ಬೇಲಿಯ ಈಚೆಯಿಂದ ಏನೋ ಅಂದುಬಿಡುತ್ತಿದ್ದೆ. ಗೇನ್ಯಾ ಕೈ ತೋರಿಸಿ ತಡೆದಳು.

"ಅಡಿಗಟ್ಟು ಕೊಳೆತಿದೆ, ಕಿಟಕಿ ಬಾಗಿಲಾದ್ರೂ ಕೊಡಿ ಅಂತ ಮೊದಲ ದಿನಾನೇ ಕೇಳಿದ್ರೆ ನಾನು ಯೋಚನೆ ಮಾಡ್ತಿದ್ದೆ," ಎಂದಳು. "ಕೊಟ್ರೂ ಕೊಡ್ತಿದ್ನೋ ಏನೋ. ನೀವು ಕೇಳ್ಲೇ ಇಲ್ಲ ಸಾಹೇಬ್ರೇ. ಐದಾರು ವರ್ಷ ನನ್ನ ಕೈಯಿಂದ್ಲೇ ನನ್ನ ಮನೆ ಬಿಚ್ಚಿಸಿದ್ರಿ. ಹಾಡು ಹೇಳ್ಕೊಂಡು ಬಿಚ್ದೆ ನಾನು."

"ಒಳ್ಳೇ ಉದ್ದೇಶಕ್ಕೆ..."

"ಹೂವು ತಗೊಂಡ್ಹೋಗಿ. ಇಲ್ಲೇ ಬೇಕಾದಷ್ಟಿದೆ."

ಉದ್ಘಾಟನೆಗೆ ಅವಳು ಹೋಗುವುದಿಲ್ಲ ಎಂದೇ ನಾನಂದುಕೊಂಡಿದ್ದೆ. ಆದರೆ ಆ ಬೆಳಿಗ್ಗೆ ನನಗೆ ಫೋನ್ ಮಾಡಿ, "ಕೋಟು ಹಾಕ್ಕೋ, ನನ್ನ ಜೊತೆ ಬಾ," ಎಂದಳು. "ಮಾಡಿದ ಕೆಲಸ ನೋಡ್ಬೇಡ್ವಾ ನಾನು?"

ಊರಿನ ದೊಡ್ಡ ಬೀದಿಯಲ್ಲಿ ಜನವೋ ಜನ. ಅಗ್ನಿಶಾಮಕ ದಳದವರ ಬ್ಯಾಂಡು. ನಗರಸಭೆಯಿಂದ ಯಾರೋ ದೊಡ್ಡವರು ಬಂದಿದ್ದರು. ಟ್ರಾಮ್ ಹಳಿಯ ಮೇಲೆ ನಿಂತಿತ್ತು. ಚೆಂದವಾಗಿತ್ತು, ಅದನ್ನು ಇಲ್ಲವೆನ್ನಲಾರೆ. ಕಿಟಕಿಯ ಮರ ಜೇನಿನ ಹಾಗೆ ಹೊಳೆಯುತ್ತಿತ್ತು. ಬೋಗ್ನಾ ಹಳೆಯ ಕಾಲದ ಕಂಡಕ್ಟರ್ ವೇಷದಲ್ಲಿ, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು. ನಮ್ಮನ್ನು ಕಂಡವಳೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಗೇನ್ಯಾ ಅವಳ ಮುಂದೆಯೇ ಹಾದು ಮೆಟ್ಟಿಲು ಹತ್ತಿದಳು.

ಸೆವೆರಿನ್ ಮೈಕಿನಲ್ಲಿ ಮಾತಾಡಿದ. ಬಳಗದ ಶ್ರಮ, ಊರಿನ ಇತಿಹಾಸ, ಎಲ್ಲ ಹೇಳಿದ. "ನಮ್ಮ ಗೇನ್ಯಾ ಅವರು ದೊಡ್ಡ ಮನಸ್ಸು ಮಾಡಿ ತಮ್ಮ ತೋಟದಿಂದ ಅಮೂಲ್ಯ ಭಾಗಗಳನ್ನ ದಾನ ಮಾಡಿದ್ದಾರೆ," ಎಂದ. ಮೈಕನ್ನು ಅವಳ ಕೈಗೆ ಕೊಟ್ಟ. ಧನ್ಯವಾದ ಹೇಳಿ ಗಂಟೆ ಹೊಡೆಯುತ್ತಾಳೆ ಎಂದುಕೊಂಡಿರಬೇಕು.

ಮೈಕ್ ಹಿಡಿದು ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ಬಾಯಿಗೆ ತೀರ ಹತ್ತಿರ ಹಿಡಿದುಕೊಂಡಳು.

"ನಾನು ಭಾಗ ಕೊಡ್ಲಿಲ್ಲ," ಎಂದಳು. "ಒಂದು ಇಡೀ ಗಾಡಿ ಕೊಟ್ಟೆ. ಅದನ್ನೇ ಓಡಿಸ್ತೀವಿ ಅಂದಿದ್ರು. ಅದನ್ನ ಬಿಚ್ಚಿ ಇದಕ್ಕೆ ಹಾಕಿದ್ರು, ಮಿಕ್ಕಿದ್ದನ್ನ ಒಲೆಗೆ ಹಾಕಿದ್ರು. ನನಗೆ ಹೇಳ್ಲಿಲ್ಲ. ಅಷ್ಟೇ."

ಧ್ವನಿವರ್ಧಕ ಗೊರಗೊರ ಅಂದಿತು. ಮುಂದಿದ್ದ ನಮಗೆ ಕೇಳಿಸಿತು, ಹಿಂದಿದ್ದವರಿಗೆ ಒಬ್ಬ ಅಜ್ಜಿ ಏನೋ ಭಾವುಕವಾಗಿ ಹೇಳಿದಳು ಅನ್ನುವಷ್ಟೇ. ಆಮೇಲೆ ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಪಕ್ಕದವರು ತಟ್ಟಿದರು, ಬೀದಿಗೆ ಬೀದಿಯೇ ತಟ್ಟಿತು. ಬ್ಯಾಂಡಿನವರು ಇದೇ ಸಮಯ ಎಂದು ಶುರುಮಾಡಿಬಿಟ್ಟರು. ಗೇನ್ಯಾ ಮೈಕನ್ನು ಸೆವೆರಿನ್‌ನ ಕೈಗಿತ್ತು ಕೆಳಗಿಳಿದಳು. ಗಂಟೆ ಯಾರು ಹೊಡೆದರೋ ನಾವು ನೋಡಲಿಲ್ಲ. ಹೊಡೆದದ್ದು ಮಾತ್ರ ಕೇಳಿಸಿತು.

"ಚಪ್ಪಾಳೆ ತಟ್ಟಿದ್ರಲ್ಲೋ," ಎಂದಳು, ಎರಡು ಬೀದಿ ದಾಟಿದ ಮೇಲೆ. "ನಾನು ಏನು ಹೇಳ್ದೆ, ಅವರು ಏನು ಕೇಳಿದ್ರು!" ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ನಾವು ಒಂದು ಕಡೆ ನಿಂತು ಹುಳಿ ಆಲೂಗಡ್ಡೆ ಸಾರು ಕುಡಿದು ಮನೆಗೆ ಹೋದೆವು. ಮರುದಿನ ಪತ್ರಿಕೆಯಲ್ಲಿ ಅವಳ ಫೋಟೊ ಬಂದಿತ್ತು. ಕೆಳಗೆ "ಕನಸು ನನಸಾದ ಗಳಿಗೆ" ಎಂದು ಬರೆದಿದ್ದರು.

ಬಳಗದಲ್ಲಿ ಅಂದು ಅವಳ ಮಾತು ಸರಿಯಾಗಿ ಕೇಳಿಸಿಕೊಂಡವರಲ್ಲಿ ಹಲ್ಲಿನ ಡಾಕ್ಟರರೂ ಒಬ್ಬರು. ಅವರಿಗೂ ಈ ವಿಷಯ ಗೊತ್ತಿರಲಿಲ್ಲವಂತೆ. ಅವರು ಶೆಡ್ಡಿಗೆ ಹೋಗುವುದು ಬಿಟ್ಟರು. ಹುಬರ್ಟ್ ಅಕ್ಟೋಬರಿನಲ್ಲಿ ಒಂದು ಗಾಡಿ ಪೈನ್ ಹಲಗೆ ತಂದು, ಯಾರನ್ನೂ ಏನೂ ಕೇಳದೆ, ಗೇನ್ಯಾಳ ತೋಟದಲ್ಲಿ ಒಂದು ಗುಡಿಸಲು ಕಟ್ಟಿಕೊಟ್ಟು ಹೋದ. ಚೆನ್ನಾಗಿಯೇ ಕಟ್ಟಿದ್ದಾನೆ. ಅವಳು ಅವನಿಗೆ ಊಟ ಹಾಕಿದಳು. ಸೆವೆರಿನ್ ಮತ್ತೆ ಈ ಕಡೆ ಬರಲಿಲ್ಲ. ಟ್ರಾಮ್ ಈಗಲೂ ಬೇಸಿಗೆಯ ಭಾನುವಾರಗಳಲ್ಲಿ ಓಡುತ್ತದೆ, ಮಕ್ಕಳು ಕಿಟಕಿಯಿಂದ ಕೈಬೀಸುತ್ತಾರೆ. ಗೇನ್ಯಾ ಆ ಬೀದಿಗೆ ಭಾನುವಾರ ಹೋಗುವುದಿಲ್ಲ.

ಬೋಗ್ನಾ ಬಂದದ್ದು ಮರುವಸಂತದಲ್ಲಿ. ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಒದ್ದೆ ಕಾಗದದಲ್ಲಿ ಸುತ್ತಿದ, ಕರಂಟ್ ಎಂಬ ಹುಳಿಹಣ್ಣಿನ ಗಿಡದ ಕಡ್ಡಿಗಳನ್ನು ಹಿಡಿದು ಗೇಟಿನ ಹೊರಗೆ ನಿಂತಿದ್ದಳು. ಬಳಗವನ್ನು ಉದ್ಘಾಟನೆಯ ಮರುದಿನವೇ ಬಿಟ್ಟೆ ಎಂದಳು.

"ಅದನ್ನ ಹೇಳೋಕೆ ಬಂದ್ಯಾ?" ಎಂದಳು ಗೇನ್ಯಾ.

"ಇಲ್ಲ. ಇದನ್ನ ಕೊಡೋಕೆ ಬಂದೆ. ಕರಿ ಕರಂಟು. ನಿನ್ನ ಹತ್ರ ಬರೀ ಕೆಂಪಿದೆ."

ಗೇನ್ಯಾ ಕಡ್ಡಿಗಳನ್ನು ತೆಗೆದುಕೊಂಡಳು. ಗೇಟ್ ತೆಗೆಯಲಿಲ್ಲ. ಎರಡನೆಯ ಸಲ ಬಂದಾಗಲೂ ತೆಗೆಯಲಿಲ್ಲ. ಮೂರನೆಯ ಸಲ ಬೋಗ್ನಾ ಕೋಲಿನ ಮೇಲೆ ಭಾರ ಹಾಕಿ ನಿಲ್ಲಲಾಗದೆ ಒದ್ದಾಡುವುದನ್ನು ಕಂಡು, "ಬಂದು ಕೂತ್ಕೋ. ನೀನು ಅಲ್ಲಿ ಬಿದ್ರೆ ನಾನೇ ಎತ್ಬೇಕು," ಎಂದಳು. ಅಂದಿನಿಂದ ಬೋಗ್ನಾ ವಾರಕ್ಕೊಮ್ಮೆ ಬರುತ್ತಾಳೆ. ಕಳೆ ಕೀಳುತ್ತಾಳೆ. ಇಬ್ಬರೂ ಮೊಣಕಾಲಿನ ಬಗ್ಗೆ, ಜೇನುಹುಳದ ಬಗ್ಗೆ, ಪಾದ್ರಿಯ ಬಗ್ಗೆ ಮಾತಾಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಹಳೆಯ ಗೆಳತಿಯರೇ. ಕ್ರಿಸ್‌ಮಸ್ ಊಟಕ್ಕೆ ಮಾತ್ರ ಅವರವರ ಮನೆಯಲ್ಲೇ ಇರುತ್ತಾರೆ.

"ರಾಜಿ ಆದ್ಯಾ?" ಎಂದು ನಾನೊಮ್ಮೆ ಕೇಳಿದೆ.

ಅವಳು ಯೋಚಿಸಿ ಹೇಳಿದಳು. "ಮಾತಾಡ್ತೀನಿ ವೀತೆಕ್. ಮಾತಾಡ್ದೆ ಇರೋಕೆ ನನಗೆ ಬರಲ್ಲ. ಅವಳೂ ಒಂಟಿ, ನಾನು ಹೋಗ್ಬಿಡ್ತೀನಿ ಅಂತ ಹೆದರಿ ಮುಚ್ಚಿಟ್ಳು, ಅದೂ ನನಗೆ ಅರ್ಥ ಆಗುತ್ತೆ. ಆದ್ರೆ ಈಗ ಅವಳು ಏನೇ ಹೇಳ್ಲಿ, ಇವತ್ತು ಮಂಗಳವಾರ ಅಂದ್ರೂ, ಹೌದಾ ಅಂತ ಒಳಗೆ ಒಂದು ಸಲ ಕೇಳ್ಕೋತೀನಿ. ಮೊದಲು ಹಾಗೆ ಕೇಳ್ಕೋತಿರ್ಲಿಲ್ಲ."

ಈ ಮೇ ತಿಂಗಳಲ್ಲಿ, ನಮ್ಮಲ್ಲಿ ತೋಟಗಾರರು ಹೆದರುವ ಆ ಕೊನೆಯ ಚಳಿಯ ದಿನಗಳು ಬಂದಾಗ, ಟೊಮ್ಯಾಟೊ ಸಸಿಗಳು ಆಗಷ್ಟೇ ನೆಲ ಹಿಡಿದಿದ್ದವು. ಬೋಗ್ನಾ ಹೊರಡುವಾಗ ಆಕಾಶ ನೋಡಿ, "ಮೋಡ ಇದ್ರೆ ಚಳಿ ಇಳಿಯಲ್ಲ, ಸಸಿ ಸುಡೋ ಹಿಮ ಇವತ್ತು ಬೀಳಲ್ಲ. ರೇಡಿಯೋದಲ್ಲೂ ಹೇಳಿದ್ರು. ಸುಮ್ನೆ ಬಗ್ಗಿ ಸೊಂಟ ನೋಯಿಸ್ಕೋಬೇಡ," ಎಂದಳು. ಗೇನ್ಯಾ ಹೂಂ ಅಂದಳು, ಗೇಟಿನವರೆಗೆ ಕಳಿಸಿ ಬಂದಳು. ಬೋಗ್ನಾ ತಿರುವಿನಲ್ಲಿ ಮರೆಯಾದ ಮೇಲೆ ಗುಡಿಸಲಿನೊಳಗಿಂದ ಹಳೆಯ ಬೆಡ್‌ಶೀಟ್‌ಗ‍ಳನ್ನು ತಂದು, ಒಂದು ತುದಿ ಹಿಡಿ ಎಂದು ನನ್ನನ್ನು ಕರೆದಳು. ಇಬ್ಬರೂ ಸೇರಿ ಸಾಲಿಗೆ ಸಾಲು ಮುಚ್ಚಿ, ಅಂಚಿಗೆ ಕಲ್ಲಿಟ್ಟೆವು.

ಬೆಳಿಗ್ಗೆ ಬಂದು ನೋಡಿದರೆ ನನ್ನ ತೆರೆದ ಸಸಿಗಳೂ ಹಸಿರಾಗಿಯೇ ನಿಂತಿದ್ದವು. ಹಿಮ ಬಿದ್ದಿರಲಿಲ್ಲ. ಗೇನ್ಯಾ ಶೀಟುಗಳನ್ನು ಮಡಿಸುತ್ತಿದ್ದಳು.